ಟೋನಿಲ್ಲದ ಜೋಡಿ

ನಮ್ಮ ಭಾವನಿಗೆ ಟೆಲಿಫೋನ್ ಕಂಪನಿಯಲ್ಲಿ ಕಿವಿಯಣ್ಣ ಅಂತ ಹೆಸರು. ಸಂಬಳದ ಚೀಟಿಯಲ್ಲಿರುವ ಹೆಸರು ಹಿಡಿದು ಎಕ್ಸ್‌ಚೇಂಜಿನ ಬಾಗಿಲಲ್ಲಿ ವಿಚಾರಿಸಿದರೆ ಕಾವಲಿನವನು ಒಂದು ಗಳಿಗೆ ಯೋಚಿಸುತ್ತಿದ್ದ. ಕಿವಿಯಣ್ಣ ಅಂದರೆ ಸಾಕು, ಆ ಹೊತ್ತಿಗೆ ಅವರು ಯಾವ ಬೀದಿಯಲ್ಲಿದ್ದಾರೆ ಅನ್ನುವುದನ್ನೂ ಹೇಳುತ್ತಿದ್ದ.

ಅವರು ನನ್ನ ಗಂಡನ ಅಣ್ಣ. ಮಹಡಿಯ ಮೇಲೆ ಭಾವ, ಅವರ ಹೆಂಡತಿ, ಒಬ್ಬಳೇ ಮಗಳು. ಭಾವನ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತೇನೆ. ಕೆಳಗಿನ ಮನೆ ನಮ್ಮದು. ನನ್ನ ಗಂಡ ಲಾರಿ ಓಡಿಸುತ್ತಾರೆ, ತಿಂಗಳಲ್ಲಿ ಹತ್ತು ದಿನ ಮನೆಯಲ್ಲಿದ್ದರೆ ಹೆಚ್ಚು. ನಾನು ಮುಂದಿನ ಕೋಣೆಯ ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದೇನೆ. ಮಹಡಿಗೆ ಹೋಗುವ ಮೆಟ್ಟಿಲು ಆ ಕಿಟಕಿಯ ಮುಂದೆಯೇ ಇದೆ. ಯಾರು ಹತ್ತಿದರು, ಯಾರು ಇಳಿದರು ಅನ್ನುವುದು ತಲೆ ಎತ್ತದೆಯೂ ನನಗೆ ತಿಳಿಯುತ್ತದೆ.

ಭಾವ ಮೂವತ್ತೊಂದು ವರ್ಷದಿಂದ ಮಾಡುತ್ತಿದ್ದದ್ದು ಒಂದೇ ಕೆಲಸ. ಬೀದಿ ಮೂಲೆಗಳಲ್ಲಿ ನಿಂತಿರುವ ಹಸಿರು ಪೆಟ್ಟಿಗೆಗಳ ಬಾಗಿಲು ತೆಗೆದು, ಒಳಗಿನ ನೂರಾರು ತಂತಿಗಳಲ್ಲಿ ಮನೆಗೆ ಎರಡರಂತೆ ಆರಿಸಿ ಜೋಡಿಸುವುದು. ಆ ಎರಡು ತಂತಿಗೆ ಅವರ ಭಾಷೆಯಲ್ಲಿ ಜೋಡಿ ಅಂತ ಹೆಸರು. ಹೊಸ ಮನೆಗೆ ಫೋನು ಬೇಕಾದಾಗ ಖಾಲಿ ಜೋಡಿಯೊಂದನ್ನು ಹುಡುಕಿ ಕೊಡಬೇಕು. ಯಾವುದು ಖಾಲಿ ಅಂತ ನೋಡುವುದಕ್ಕೆ ಪೆಟ್ಟಿಗೆಯ ಬಾಗಿಲ ಹಿಂದೆ ಒಂದು ರಟ್ಟಿನ ಪಟ್ಟಿ ಅಂಟಿಸಿದ್ದರು. ಅದು ಹಳದಿಯಾಗಿ, ಅಕ್ಷರ ಅಳಿಸಿ, ಯಾವ ಕಾಲದ್ದೋ ಆಗಿತ್ತು. ಭಾವ ಅದರ ಕಡೆ ನೋಡುತ್ತಲೇ ಇರಲಿಲ್ಲ. ಸೊಂಟದ ಬೆಲ್ಟಿಗೆ ನೇತುಹಾಕಿದ ಕಿತ್ತಳೆ ಬಣ್ಣದ ಟೆಸ್ಟ್ ಫೋನು ತೆಗೆದು, ಅದರ ಬಾಲದ ಎರಡು ಕ್ಲಿಪ್ಪನ್ನು ತಂತಿಗೆ ಕಚ್ಚಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ಗುಂಯ್ ಅಂತ ಟೋನು ಬಂದರೆ ಆ ತಂತಿಯ ಕೊನೆಯಲ್ಲಿ ಒಂದು ಮನೆಯಿದೆ. ಸದ್ದಿಲ್ಲದಿದ್ದರೆ ಖಾಲಿ, ಅದರ ಹಳೆಯ ಜೋಡಣೆ ಕಿತ್ತು ಹೊಸ ಮನೆಗೆ ಕೊಡುತ್ತಿದ್ದರು.

"ಕಾಗದ ಸುಳ್ಳು ಹೇಳುತ್ತಮ್ಮ, ತಂತಿ ಹೇಳಲ್ಲ," ಅಂತ ಒಮ್ಮೆ ನನಗೆ ಹೇಳಿದ್ದರು. ಟೋನು ಕೇಳಿಯೇ ತಂತಿ ಎಲ್ಲಿ ಒದ್ದೆಯಾಗಿದೆ, ಎಲ್ಲಿ ಇಲಿ ಕಡಿದಿದೆ ಅಂತ ಹೇಳುತ್ತಿದ್ದರಂತೆ. ಹೆಸರು ಬಂದದ್ದು ಹಾಗೆ.

ಹೊಸ ನಿಯಮ ಬಂದದ್ದು ಎರಡು ವರ್ಷದ ಹಿಂದೆ. ಬೀದಿಯ ತಂತಿಗಳೆಲ್ಲ ಭಾವನ ಕಂಪನಿಯವು. ಆದರೆ ಬೇರೆ ಕಂಪನಿಗಳು ಬಂದು ಕೇಳಿದರೆ ಎಕ್ಸ್‌ಚೇಂಜಿನಿಂದ ಮನೆಯವರೆಗಿನ ಜೋಡಿಯನ್ನು ಬಾಡಿಗೆಗೆ ಕೊಡಲೇಬೇಕು. ತಂತಿ ಇವರದು, ಗಿರಾಕಿ ಅವರ ಪಾಲು. ಒಂದು ಹೊಸ ಕಂಪನಿ ಹಾಗೆ ಬಂದು ನಮ್ಮ ಬಡಾವಣೆಯಲ್ಲಿ ಮನೆ ಮನೆಗೂ ಇಂಟರ್ನೆಟ್ ಕೊಡಲು ಶುರು ಮಾಡಿತು. ಭಾವನಿಗೆ ಅದು ಒಂದು ದಿನವೂ ಹಿಡಿಸಲಿಲ್ಲ.

"ನೆಲ ಅಗೆದು ತಂತಿ ಹೂತಿದ್ದು ನಾವು. ಇವರು ಬಂದು ಚಾಪೆ ಹಾಸ್ಕೊಂಡು ಕೂತಿದಾರೆ," ಅನ್ನುತ್ತಿದ್ದರು. ಎಕ್ಸ್‌ಚೇಂಜಿನ ಕ್ಯಾಂಟೀನಿನಲ್ಲಿ ಇದಕ್ಕಿಂತ ಖಾರವಾದ ಮಾತುಗಳು ಓಡಾಡುತ್ತಿದ್ದವು. ಒಬ್ಬ, ಬಾಡಿಗೆಯವರು ನೆಮ್ಮದಿಯಾಗಿ ಮಲಗದಂತೆ ನೋಡಿಕೊಳ್ಳುವುದು ಹೇಗೆ ಅಂತ ತನಗೆ ಗೊತ್ತು ಅಂದಿದ್ದನಂತೆ. ಎಲ್ಲರೂ ನಕ್ಕರಂತೆ. ಭಾವ ಇದನ್ನು ಹೇಳುವಾಗ ತಾವೂ ನಕ್ಕರು. ಆ ನಗು ನನ್ನ ಮನಸ್ಸಿನಲ್ಲಿ ಉಳಿಯಿತು.

ಅಷ್ಟರಲ್ಲಿ ಮಗಳಿಗೆ ಕೆಲಸ ಸಿಕ್ಕಿತು, ಅದೇ ಹೊಸ ಕಂಪನಿಯಲ್ಲಿ, ದೂರು ಕೇಳುವ ಮೇಜಿನಲ್ಲಿ. ಭಾವ ಎರಡು ದಿನ ಮಾತಾಡಲಿಲ್ಲ, ಮೂರನೆಯ ದಿನದಿಂದ ಊಟದ ಹೊತ್ತಿಗೆ ಕೆಣಕತೊಡಗಿದರು.

"ಇವತ್ತು ಎಷ್ಟು ಜನ ಅತ್ತರಮ್ಮ ನಿನ್ನ ಹತ್ತಿರ?"

"ನಲವತ್ತು ಜನ."

"ನಮ್ಮ ಕಂಪನಿಯಲ್ಲೇ ಇದ್ದಿದ್ರೆ ಅಳ್ತಿರಲಿಲ್ಲ."

"ನಿಮ್ಮ ಕಂಪನೀಲಿ ಫೋನ್ ಎತ್ತೋರೇ ಇಲ್ಲ ಅಪ್ಪ. ಅಳ್ತಾರೋ ನಗ್ತಾರೋ ಹೇಗೆ ಗೊತ್ತಾಗ್ಬೇಕು?"

"ಎರಡು ಕಂಪನೀನೂ ಬಾಗಿಲ ಹೊರಗೆ ಬಿಟ್ಟು ಬಂದು ಕೂತ್ಕೊಳ್ಳಿ," ಅನ್ನುತ್ತಿದ್ದರು ಅಕ್ಕ. "ನಾನು ಬಡಿಸೋದು ಮನುಷ್ಯರಿಗೆ."

ನಾನು ಮಾಡಿದ ತಪ್ಪು ಇಲ್ಲಿಂದ ಶುರುವಾಗುತ್ತದೆ. ವಾರದಲ್ಲಿ ಎರಡು ದಿನ ಅವಳು ಮನೆಯಿಂದಲೇ ಕೆಲಸ ಮಾಡಬೇಕಿತ್ತು, ಅದಕ್ಕೆ ಅವಳ ಕಂಪನಿಯ ಲೈನು ಬೇಕು. ಮಹಡಿಯಲ್ಲಿ ಹಾಕಿಸಿಕೊಳ್ಳುವ ಹಾಗಿಲ್ಲ. "ಚಿಕ್ಕಮ್ಮ, ನಿಮ್ಮ ಹೆಸರಲ್ಲಿ ಕೆಳಗೆ ಹಾಕಿಸ್ಲಾ? ಅಪ್ಪನಿಗೆ ನಾನೇ ನಿಧಾನವಾಗಿ ಹೇಳ್ತೀನಿ," ಅಂದಳು. ಮನೆಯಲ್ಲಿ ಹಳೆಯ ಫೋನಿನ ಸಾಕೆಟ್ಟು ಇತ್ತು, ಫೋನು ಕಿತ್ತು ವರ್ಷಗಳಾಗಿದ್ದವು. ನಾನು ಹೂಂ ಅಂದೆ. ಹೊಲಿಗೆ ಯಂತ್ರದ ಹಿಂದೆ, ಬಟ್ಟೆ ತುಂಡುಗಳ ಬುಟ್ಟಿಯ ಮರೆಯಲ್ಲಿ, ಹಸಿರು ದೀಪದ ಒಂದು ಪುಟ್ಟ ಡಬ್ಬಿ ಕೂತಿತು. ಮಧ್ಯಾಹ್ನ ಕೆಲಸವಿಲ್ಲದಾಗ ನಾನೂ ಅದರ ಇಂಟರ್ನೆಟ್ಟಿನಿಂದ ಮೊಬೈಲಿನಲ್ಲಿ ಏನಾದರೂ ಓದಿಕೊಳ್ಳುತ್ತಿದ್ದೆ. ಭಾವ ಬಂದು ಮಾತಾಡಿಸಿದರೆ ಬುಟ್ಟಿಯನ್ನು ಕಾಲಿನಿಂದ ಇನ್ನಷ್ಟು ಒತ್ತಿ ಇಡುತ್ತಿದ್ದೆ. ನಿಧಾನವಾಗಿ ಹೇಳುವ ದಿನ ಬರಲೇ ಇಲ್ಲ.

ಒಂದು ಮಂಗಳವಾರ ಹಸಿರು ದೀಪ ಆರಿತು. ಸಂಜೆ ಬಂದ ಮಗಳು ಡಬ್ಬಿಯನ್ನು ಅಲ್ಲಾಡಿಸಿ, ತಿರುಗಿಸಿ ನೋಡಿ, ಬಾಗಿಲು ಮುಂದೆ ಮಾಡಿ ನನ್ನ ಪಕ್ಕ ಕೂತಳು.

"ಚಿಕ್ಕಮ್ಮ, ಮೂರು ವಾರದಲ್ಲಿ ನಮ್ಮದು ಹನ್ನೊಂದನೇ ಮನೆ. ಹನ್ನೊಂದೂ ಎರಡೇ ಪೆಟ್ಟಿಗೆಯವು. ನಮ್ಮ ಬೀದಿ ಮೂಲೇದು, ಶಾಲೆ ಹಿಂದಿಂದು."

ನಾನು ಸೂಜಿಗೆ ದಾರ ಪೋಣಿಸುತ್ತಾ ಇದ್ದೆ. ಆ ಎರಡೂ ಪೆಟ್ಟಿಗೆಗಳ ಬೀಗದ ಕೈ ಯಾರ ಬೆಲ್ಟಿನಲ್ಲಿ ಇರುತ್ತದೆ ಅಂತ ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.

"ನಮ್ಮ ಮೇಲಿನವರು ಅಂತಾರೆ, ಇಷ್ಟು ಲೈನು ತಾವಾಗೇ ಸಾಯಲ್ಲ, ಯಾರದೋ ಕೈಯಾಡಿದೆ ಅಂತ." ಅವಳು ಗೋಡೆಯ ಸಾಕೆಟ್ಟನ್ನೇ ನೋಡುತ್ತಿದ್ದಳು. "ಈ ಲೈನು ಇರೋದು ಅಪ್ಪನಿಗೆ ಗೊತ್ತಾಗಿಬಿಟ್ಟಿದೆಯಾ?"

ಮೆಟ್ಟಿಲ ಮೇಲೆ ಭಾವನ ಹೆಜ್ಜೆ ಕೇಳಿತು. ನಾವಿಬ್ಬರೂ ಮಾತು ನಿಲ್ಲಿಸಿದೆವು. ಒಂದೇ ಮನೆಯಲ್ಲಿ ಇಪ್ಪತ್ತೆರಡು ವರ್ಷ ಇದ್ದು, ಅವರ ಹೆಜ್ಜೆಗೆ ನಾನು ಬಾಯಿ ಮುಚ್ಚಿದ್ದು ಅದೇ ಮೊದಲು.

ಅಲ್ಲಿಂದಾಚೆ ಕಂಡದ್ದೆಲ್ಲ ಅದಕ್ಕೇ ಹೊಂದಿಕೊಳ್ಳುತ್ತಾ ಹೋಯಿತು. ಆ ಗುರುವಾರ ಅಕ್ಕ ಭಾವನ ಖಾಕಿ ಅಂಗಿಯನ್ನು ತಂದುಕೊಟ್ಟರು. "ಜೇಬು ಹರಿದಿದೆ ನೋಡೆ. ಈ ಮನುಷ್ಯ ಅದರಲ್ಲಿ ಏನು ತುಂಬ್ತಾರೋ ದೇವರಿಗೇ ಗೊತ್ತು." ಹೊಲಿಯುವ ಮುಂಚೆ ಜೇಬು ಬೋರಲು ಹಾಕಿದೆ. ಸಣ್ಣ ಹಳದಿ ಚೀಟಿಗಳು ಬಿದ್ದವು, ಬೆರಳಿನ ಅಗಲದವು, ಒಂದು ಬದಿಗೆ ಅಂಟು. ಪ್ರತಿಯೊಂದರ ಮೇಲೂ ಒಂದು ಸಂಖ್ಯೆ, ಮೂಲೆಯಲ್ಲಿ ಹೊಸ ಕಂಪನಿಯ ಗುರುತು. ಆರು ಚೀಟಿ. ಅವುಗಳಲ್ಲಿ ಒಂದರ ಮೇಲಿನ ಸಂಖ್ಯೆ ನನ್ನ ಡಬ್ಬಿಯ ತಳದಲ್ಲಿ ಬರೆದಿದ್ದ ಸಂಖ್ಯೆಯೇ.

ಹೊಸ ಕಂಪನಿಯವರು ತಮ್ಮ ಜೋಡಿಗೆ ಹಳದಿ ಚೀಟಿ ಅಂಟಿಸುತ್ತಾರೆ ಅಂತ ಮಗಳು ಹೇಳಿದ್ದಳು, ಯಾರೂ ಮುಟ್ಟದಿರಲಿ ಅಂತ. ಚೀಟಿ ಕಿತ್ತವರಿಗೆ ಅದು ಯಾರ ತಂತಿ ಅಂತ ಗೊತ್ತಿರಲೇಬೇಕು. ನಾನು ಜೇಬು ಹೊಲಿದೆ. ಚೀಟಿಗಳನ್ನು ಪ್ರಾರ್ಥನೆಯ ಪುಸ್ತಕದೊಳಗೆ ಇಟ್ಟೆ. ಅಲ್ಲಿ ಇಟ್ಟರೆ ಮನಸ್ಸು ಸುಮ್ಮನಿರಬಹುದು ಅಂದುಕೊಂಡಿದ್ದೆ, ಇರಲಿಲ್ಲ. ಸಂಜೆ ಪುಸ್ತಕ ತೆರೆದರೆ ಹಳದಿ ಬಣ್ಣವೇ ಮೊದಲು ಕಾಣುತ್ತಿತ್ತು. ಬಾಯಿ ಪ್ರಾರ್ಥನೆ ಹೇಳುತ್ತಿತ್ತು, ಕಿವಿ ಮೆಟ್ಟಿಲ ಕಡೆ ಇರುತ್ತಿತ್ತು.

ಎರಡು ದಿನ ಬಿಟ್ಟು ಭಾವ ಅದೇ ಮೆಟ್ಟಿಲ ಮೇಲೆ ನಿಂತು ಯಾರ ಜೊತೆಗೋ ಮೊಬೈಲಿನಲ್ಲಿ ಮಾತಾಡುತ್ತಿದ್ದರು. "ಮೂಲೆ ಪೆಟ್ಟಿಗೇದು ಪೂರ್ತಿ ಕಿತ್ತು ಹಾಕಿದೀನಿ. ಒಂದೂ ಬಿಟ್ಟಿಲ್ಲ. ಇನ್ನು ಅವ್ರು ಆ ಕಡೆ ತಲೆ ಹಾಕಲ್ಲ." ಹೇಳಿ ನಕ್ಕರು. ಕ್ಯಾಂಟೀನಿನ ಮಾತು ಹೇಳುವಾಗ ನಕ್ಕಿದ್ದರಲ್ಲ, ಅದೇ ನಗು. ನನ್ನ ಕೈಯಲ್ಲಿದ್ದ ಬಟ್ಟೆ ಸೂಜಿಯ ಕೆಳಗೆ ಸೊಟ್ಟಗೆ ಹೋಯಿತು.

ಹೊಸ ಕಂಪನಿಯ ಕೆಲಸಗಾರ ಬಂದು, ಮೇಲಿನವರ ಅಪ್ಪಣೆಯಿಂದ ಎಕ್ಸ್‌ಚೇಂಜಿನ ಬೇರೊಬ್ಬರ ಕೈಲಿ ಪೆಟ್ಟಿಗೆ ತೆಗೆಸಿ, ಲೈನು ಮತ್ತೆ ಕೊಟ್ಟು, ಹೊಸ ಚೀಟಿ ಅಂಟಿಸಿ ಹೋದ. ಹಸಿರು ದೀಪ ಬಂತು. ನನಗೆ ಅದನ್ನು ನೋಡಿದರೆ ಸಂತೋಷವಾಗಲಿಲ್ಲ. ಇದು ಎಷ್ಟು ದಿನ ಅನ್ನಿಸುತ್ತಿತ್ತು.

ಮರುವಾರ ಭಾವನಿಗೆ ಪತ್ರ ಬಂತು. ಎರಡೂ ಕಂಪನಿಯವರು ಸೇರಿ ಮೂಲೆ ಪೆಟ್ಟಿಗೆಯ ತಪಾಸಣೆ ಮಾಡುತ್ತಾರೆ, ಭಾವ ಹಾಜರಿರಬೇಕು. ಬೇಕೆಂತಲೇ ಕಿತ್ತಿದ್ದಾರೆ ಅಂತ ಕಂಡುಬಂದರೆ ಬೀಗದ ಕೈ ಒಪ್ಪಿಸಿ ಮನೆಗೆ ಹೋಗಬೇಕು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಮೂವತ್ತೊಂದು ವರ್ಷ ತಂತಿ ಜೋಡಿಸಿದವರು ತಂತಿ ಕಿತ್ತವರು ಅನ್ನಿಸಿಕೊಂಡು ಹೊರಗೆ ಬರಬೇಕಾಗುತ್ತಿತ್ತು. ಪತ್ರವನ್ನು ಅಕ್ಕನೇ ನನಗೆ ಓದಲು ಕೊಟ್ಟರು.

"ಇವರು ಹಾಗೆ ಮಾಡೋರಾ? ನೀನೇ ಹೇಳೆ. ನಿನಗೆ ಹಾಗನ್ನಿಸುತ್ತಾ?"

"ಇಲ್ಲ ಅಕ್ಕ," ಅಂದೆ. ಪುಸ್ತಕ ಅಲ್ಲೇ ಮೇಜಿನ ಮೇಲಿತ್ತು.

ಮಗಳ ಆಫೀಸಿನಲ್ಲಿ ಅವಳನ್ನೇ ಕರೆದು ಕೇಳಿದರಂತೆ, ನಿಮ್ಮ ತಂದೆಯ ವಿಷಯ ನಿಮಗೇನಾದರೂ ಗೊತ್ತಾ ಅಂತ. ಗೊತ್ತಿಲ್ಲ ಅಂದು ಬಂದಿದ್ದಳು. ಅವಳು ಅದನ್ನು ಹೇಳುವಾಗ ಇನ್ನು ಬಚ್ಚಿಡುವುದು ನನ್ನಿಂದಾಗಲಿಲ್ಲ. ಚೀಟಿಗಳನ್ನು ಅವಳ ಕೈಗೆ ಹಾಕಿದೆ. ಅವಳು ಒಂದೊಂದನ್ನೇ ತಿರುಗಿಸಿ ನೋಡಿದಳು, ಬಹಳ ಹೊತ್ತು.

"ನಮ್ಮದೂ ಇದೆ," ಅಂದಳು.

"ಇದೆ."

"ಅಪ್ಪನ್ನ ಕೇಳೋದಾ?"

"ಕೇಳಿದ್ರೆ ಏನಂತಾರೆ? ಹೌದು ಅಂದ್ಬಿಟ್ರೆ?"

ಅವಳು ಚೀಟಿಗಳನ್ನು ತನ್ನ ಕೈಚೀಲದಲ್ಲಿ ಹಾಕಿಕೊಂಡಳು. ಯಾರಿಗೆ ಕೊಡುವುದಕ್ಕೆ ಅಂತ ನಾನು ಕೇಳಲಿಲ್ಲ.

ತಪಾಸಣೆಯ ಬೆಳಿಗ್ಗೆ ಬೀದಿ ಮೂಲೆಯ ಇಸ್ತ್ರಿ ಅಂಗಡಿಯ ಮುಂದೆ ನಾನೂ ಅಕ್ಕನೂ ಹೋಗಿ ನಿಂತೆವು. ಹಳೆಯ ಕಂಪನಿಯಿಂದ ಬಂದವರಿಗೆ ಎಲ್ಲರೂ ಫೈಲ್ ಸಾಹೇಬ್ರು ಅನ್ನುತ್ತಾರೆ, ಕಂಕುಳಲ್ಲಿ ಫೈಲು ಇಲ್ಲದೆ ಅವರನ್ನು ಕಂಡವರಿಲ್ಲವಂತೆ. ಹೊಸ ಕಂಪನಿಯಿಂದ ಒಬ್ಬ ಇಂಜಿನಿಯರಮ್ಮ ಬಂದಿದ್ದರು. ದೂರಿನ ಪಟ್ಟಿ ಹಿಡಿದು ಮಗಳು ಅವರ ಪಕ್ಕ ನಿಂತಿದ್ದಳು. ಭಾವ ನಾನು ಹೊಲಿದ ಅಂಗಿಯನ್ನೇ ಹಾಕಿಕೊಂಡಿದ್ದರು.

"ದಿನಾ ಹೇಗೆ ಮಾಡ್ತೀರೋ ಹಾಗೇ ಮಾಡಿ," ಅಂದರು ಇಂಜಿನಿಯರಮ್ಮ. "ಈ ಇಸ್ತ್ರಿ ಅಂಗಡಿಗೆ ಹೊಸ ಫೋನು ಬೇಕು ಅಂತ ಇಟ್ಕೊಳ್ಳಿ. ಒಂದು ಖಾಲಿ ಜೋಡಿ ಹುಡುಕಿ ಕೊಡಿ."

"ಫೋನೇನೋ ಬೇಕು," ಅಂದ ಇಸ್ತ್ರಿಯವನು, "ನನ್ನನ್ನ ಯಾರೂ ಕೇಳೇ ಇಲ್ಲ." ಯಾರೂ ನಗಲಿಲ್ಲ.

ಭಾವ ಬೀಗ ತೆಗೆದರು. ತಂತಿಗೆ ಕೈ ಹಾಕುವ ಮೊದಲು ಬಗ್ಗಿ, ಪೆಟ್ಟಿಗೆಯ ತಳದಲ್ಲಿ ಬಿದ್ದಿದ್ದ ತಂತಿ ಚೂರು, ಒಣಗಿದ ಎಲೆ, ಕಾಗದ ಎಲ್ಲವನ್ನೂ ಬಳಿದು ತೆಗೆದು ಅಂಗಿಯ ಜೇಬಿಗೆ ತುಂಬಿಕೊಂಡರು. ಎಲ್ಲರ ಕಣ್ಣೆದುರಿಗೆ, ಊಟಕ್ಕೆ ಮುಂಚೆ ಕೈ ತೊಳೆಯುವಷ್ಟು ಸಹಜವಾಗಿ.

"ಜೇಬಿಗೆ ಏನು ಹಾಕ್ಕೊಂಡ್ರಿ?" ಇಂಜಿನಿಯರಮ್ಮನ ದನಿ ಬಿಗಿಯಾಯಿತು.

"ಕಸ."

"ತೆಗೀರಿ."

ಜೇಬಿನಿಂದ ಬಂದ ಕಸದಲ್ಲಿ ಎರಡು ಹಳದಿ ಚೀಟಿ ಇದ್ದವು.

"ಇದು ಏನು ಅಂತ ಗೊತ್ತಾ ನಿಮಗೆ?"

"ಯಾವ್ದೋ ಜಾಹೀರಾತು ಅಂದ್ಕೊಂಡಿದ್ದೆ. ತಿಂಗಳಿಂದ ಕೆಳಗೆ ಬಿದ್ದಿರ್ತಾವೆ. ಬೆಳಿಗ್ಗೆ ಒಳಗೆಲ್ಲ ಬೆವರಿರುತ್ತಲ್ಲ, ಅಂಟು ನಿಲ್ಲಲ್ಲ. ಬಿಟ್ರೆ ಇರುವೆ ಬರ್ತಾವೆ. ಹೋದ ವಾರ ಇದರೊಳಗಿನ ಗೂಡು ಪೂರ್ತಿ ಕಿತ್ತು ಹಾಕಿದೆ, ಒಂದೂ ಬಿಡಲಿಲ್ಲ. ಇನ್ನು ಅವು ಈ ಕಡೆ ತಲೆ ಹಾಕಲ್ಲ."

ಅವು. ಅವತ್ತು ಮೆಟ್ಟಿಲ ಮೇಲೆ ಭಾವ ಅಂದಿದ್ದು ಅವು. ಕಿಟಕಿಯ ಒಳಗೆ ಕೂತ ನನಗೆ ಅವ್ರು ಅಂತ ಕೇಳಿಸಿತ್ತು.

ಇಂಜಿನಿಯರಮ್ಮ ಇನ್ನೂ ನಂಬಿರಲಿಲ್ಲ. "ಆಯ್ತು, ಜೋಡಿ ಹುಡುಕಿ," ಅಂದರು. ಭಾವ ಕ್ಲಿಪ್ಪು ಕಚ್ಚಿಸಿ, ಕಣ್ಣು ಮುಚ್ಚಿ ಕೇಳುತ್ತಾ ಬಂದರು. "ಇದು ಮನೆ. ಇದು ಮನೆ. ಇದೂ ಮನೆ." ಒಂದರ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಂತರು. "ಇದು ಖಾಲಿ. ಇದನ್ನ ಕೊಡಬಹುದು." ಅದರ ತಂತಿಯನ್ನು ಕೀಳಲು ಚಿಮಟ ಹಾಕಿದರು.

"ನಿಲ್ಲಿ." ಇಂಜಿನಿಯರಮ್ಮ ಕೈ ಅಡ್ಡ ಹಿಡಿದು, ತಮ್ಮ ಚೀಲದಿಂದ ಒಂದು ಮೀಟರು ತೆಗೆದು ಅದೇ ತಂತಿಗೆ ಹಾಕಿದರು. ಅದರ ಮುಖದಲ್ಲಿ ಅಂಕಿಗಳು ಓಡಿದವು. "ಇದು ಖಾಲಿ ಅಲ್ಲ. ಇದರಲ್ಲಿ ನಮ್ಮ ಗಿರಾಕಿ ಇದ್ದಾರೆ. ಇಂಟರ್ನೆಟ್ ಮಾತ್ರ ತಗೊಂಡಿರೋರು. ಅವರಿಗೆ ಟೋನು ಇರಲ್ಲ."

"ಟೋನು ಇಲ್ಲದೆ ಲೈನು ಹೇಗಿರುತ್ತೆ?" ಅಂದರು ಭಾವ. ನಿಜವಾಗಿ ಕೇಳುತ್ತಿದ್ದರು.

ಫೈಲ್ ಸಾಹೇಬ್ರು ಫೈಲನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಾಯಿಸಿದರು. ಇದನ್ನು ಪೆಟ್ಟಿಗೆ ತೆಗೆಯುವವರಿಗೆ ಯಾರಾದರೂ ಹೇಳಿದ್ದಾರಾ ಅಂತ ಇಂಜಿನಿಯರಮ್ಮ ಅವರನ್ನು ಕೇಳಿದರು. ಸುತ್ತೋಲೆ ಹೊರಟಿರಬೇಕು ಅಂದರು ಅವರು.

ಮಗಳು ಮುಂದೆ ಬಂದು ತಂದೆಯ ಕೈಯಿಂದ ಟೆಸ್ಟ್ ಫೋನು ತೆಗೆದುಕೊಂಡು ಕಿವಿಗೆ ಇಟ್ಟಳು. "ಅಪ್ಪ, ಸದ್ದು ಇದೆ."

"ಏನಿದೆ?"

"ಸಣ್ಣಕೆ, ಮರಳು ಜಾರಿದ ಹಾಗೆ. ಸೀ ಅಂತ."

ಭಾವ ಮತ್ತೆ ಕೇಳಿದರು. ಎಡಗಿವಿಗೆ ಇಟ್ಟರು, ಬಲಗಿವಿಗೆ ಇಟ್ಟರು. ಬೀದಿಯಲ್ಲಿ ಹೋಗುತ್ತಿದ್ದ ಸ್ಕೂಟರಿನವನಿಗೆ ಫೈಲ್ ಸಾಹೇಬ್ರು ನಿಲ್ಲು ಅಂತ ಕೈ ಮಾಡಿದರು. ಇಸ್ತ್ರಿಯವನೂ ತನ್ನ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟ. ಭಾವ ಕಣ್ಣು ಮುಚ್ಚಿಕೊಂಡು ನಿಂತೇ ಇದ್ದರು. ಆಮೇಲೆ ಕಣ್ಣು ತೆರೆದು ಮಗಳನ್ನು ನೋಡಿದರು. "ನನಗೆ ಏನೂ ಕೇಳಿಸ್ತಿಲ್ಲ," ಅಂದರು.

ವಯಸ್ಸಾದಂತೆ ಮೊದಲು ಹೋಗುವುದು ಅಂಥ ಸಣ್ಣ ಸದ್ದೇ ಅಂತ ಇಂಜಿನಿಯರಮ್ಮ ಹೇಳಿದರು. ಅವರ ದನಿ ಈಗ ಬೇರೆಯಾಗಿತ್ತು.

"ಇದು ಯಾರ ಮನೆ ಲೈನು?" ಅಂತ ಭಾವ ಕೇಳಿದರು.

ಮಗಳು ಪಟ್ಟಿ ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ. ಅವಳು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ. "ನಮ್ಮದು ಭಾವ. ಕೆಳಗಿನ ಮನೇದು. ನನ್ನ ಹೆಸರಲ್ಲಿದೆ. ಈಚೆಗೆ ಒಮ್ಮೆ ಹೋಗಿತ್ತು."

ಅವರು ನನ್ನನ್ನು ನೋಡಿದರು. ಅಕ್ಕನೂ ನೋಡಿದರು. ಮಗಳು ಕೈಚೀಲ ತೆರೆದು ಆರು ಚೀಟಿಗಳನ್ನು ತೆಗೆದು, ಕಸದ ಚೀಟಿಗಳ ಜೊತೆ ಸೇರಿಸಿ ಇಂಜಿನಿಯರಮ್ಮನಿಗೆ ಕೊಟ್ಟಳು. "ಇವೂ ಕೆಳಗೆ ಬಿದ್ದಿದ್ವು, ಅಪ್ಪನ ಜೇಬಲ್ಲಿ ಸಿಕ್ಕಿದ್ವು," ಅಂದಳು. ಇಷ್ಟು ದಿನ ಅವಳು ಅವನ್ನು ಯಾರಿಗೂ ಕೊಟ್ಟಿರಲಿಲ್ಲ.

ಫೈಲ್ ಸಾಹೇಬ್ರು ಅಲ್ಲೇ ಬರೆದರು. ಬೇಕೆಂದು ಮಾಡಿದ್ದಲ್ಲ, ತಿಳಿಯದೆ ಆದದ್ದು. ಚೀಟಿ ಅಂಟಿಸುವ ಬದಲು ಪ್ಲಾಸ್ಟಿಕ್ ದಾರದಿಂದ ಕಟ್ಟಬೇಕು. "ಬೀಗದ ಕೈ ನಿಮ್ಮ ಹತ್ರಾನೇ ಇರಲಿ," ಅಂದರು.

ಭಾವ ಬೆಲ್ಟಿನಿಂದ ಅದನ್ನು ಬಿಚ್ಚಿ ಪೆಟ್ಟಿಗೆಯ ಮೇಲಿಟ್ಟರು. "ಮೊದಲು ಅವರ ಹತ್ರ ಇರೋಂಥ ಮೀಟರು ಕೊಡಿ ಸಾರ್. ಆಮೇಲೆ ತಗೋತೀನಿ. ಹನ್ನೊಂದು ಮನೆ ಕಿತ್ತಿದೀನಿ, ಎಲ್ಲಾ ಖಾಲಿ ಅಂತ."

ಮೀಟರು ಬರುವುದಕ್ಕೆ ಇಪ್ಪತ್ತು ದಿನ ಹಿಡಿಯಿತು. ಅಷ್ಟು ದಿನ ಅವರು ಎಕ್ಸ್‌ಚೇಂಜಿನ ಒಳಗೆ ಕೂತು ಹಳೆಯ ಪಟ್ಟಿಗಳನ್ನು ಹೊಸದಾಗಿ ಬರೆದರು. ಕ್ಯಾಂಟೀನಿನಲ್ಲಿ ಎಲ್ಲರೂ ಬೆನ್ನು ತಟ್ಟಿದರಂತೆ. "ಭಾರಿ ಆಟ ಕಟ್ಟಿದೆ ಕಿವಿಯಣ್ಣ, ಕೇಳಿಸಲ್ಲ ಅಂದುಬಿಟ್ಟೆಯಲ್ಲ, ಯಾರಿಗೂ ಹೊಳೆಯಲಿಲ್ಲ ನೋಡು," ಅಂತ. ಕೇಳಿಸದ್ದು ನಿಜ ಅಂತ ಇವರು ಹೇಳಿದಷ್ಟೂ ಅವರು ಕಣ್ಣು ಮಿಟುಕಿಸಿದರಂತೆ. ಹೊಸ ಕಂಪನಿಯಲ್ಲೂ ನಂಬದವರು ಇಬ್ಬರು ಮೂವರು ಇದ್ದಾರೆ ಅಂತ ಮಗಳು ಹೇಳಿದಳು. ಭಾವ ಅಲ್ಲಿಂದ ಮುಂದೆ ಟೀಯನ್ನು ತಮ್ಮ ಮೇಜಿಗೇ ತರಿಸಿಕೊಂಡರು.

ತಪಾಸಣೆಯ ದಿನ ಸಂಜೆ ಅವರು ಮೆಟ್ಟಿಲು ಹತ್ತದೆ ನನ್ನ ಬಾಗಿಲಲ್ಲಿ ನಿಂತರು. ನಾನು ಎದ್ದು ನಿಂತೆ. ಬುಟ್ಟಿಯನ್ನು ಆಗಲೇ ಸರಿಸಿಟ್ಟಿದ್ದೆ, ಡಬ್ಬಿ ಎದುರಿಗೇ ಕಾಣುತ್ತಿತ್ತು.

"ದೀಪ ಉರೀತಿದೆಯಾ?"

"ಉರೀತಿದೆ ಭಾವ."

"ಅವತ್ತು ಆರಿದಾಗ ನಾನು ಮೇಲೇ ಇದ್ದೆ. ಒಂದು ಮಾತು ಕೇಳಬಹುದಿತ್ತಲ್ಲಮ್ಮ."

ನಾನು ಡಬ್ಬಿಯ ಮೇಲೆ ಅಂಟಿದ್ದ ದಾರದ ಎಳೆ ಬಿಡಿಸಿದೆ.

"ಇರಲಿ," ಅಂದರು ಭಾವ. "ಈ ಜೇಬು ಮತ್ತೆ ಬಿಚ್ಚಿಕೊಂಡಿದೆ, ನೋಡು." ಅಂಗಿ ಬಿಚ್ಚಿ ಯಂತ್ರದ ಮೇಲಿಟ್ಟು, ಬನಿಯನ್ನಿನಲ್ಲೇ ಮೆಟ್ಟಿಲು ಹತ್ತಿ ಹೋದರು. ನಾನು ಜೇಬು ಬೋರಲು ಹಾಕಲಿಲ್ಲ. ಹಾಗೆಯೇ ಹೊಲಿದೆ.